ಸೆಕ್ರೆಟ್ರಿಯವರೂ ನಮ್ಮ ಬೀದಿಯ ಕಸವೂ

ವರ್ತಕರ ಸಂಘದಿಂದ ಫೋನ್ ಬಂದಾಗ ನಾನು ಗಿಡಗಳಿಗೆ ನೀರು ಹಾಕುತ್ತಿದ್ದೆ. ಸೆಕ್ರೆಟ್ರಿಯವರು ಹೋದರು, ಸಂತಾಪ ಸಭೆಯಲ್ಲಿ ನೀವು ನಾಲ್ಕು ಮಾತಾಡಬೇಕು ಅಂದರು. ಒಲ್ಲೆ ಅಂದೆ.

"ನೀವಲ್ದೆ ಮತ್ಯಾರು ಸಿಸ್ಟರ್? ಅವ್ರ ಜೊತೆ ಅಷ್ಟು ವರ್ಷ ಕೆಲ್ಸ ಮಾಡಿದೋರು ನೀವು" ಅಂದರು.

ಅದಕ್ಕೇ ಒಲ್ಲೆ ಅಂದದ್ದು. ಉಳಿದ ಗಿಡಗಳಿಗೂ ನೀರು ಹಾಕಿ, ಕೈ ತೊಳೆದು, ಸೀರೆ ಬದಲಿಸಿ ಅವರ ಮನೆಗೆ ಹೋಗಿ ಪಾದದ ಮೇಲೆ ಹೂವಿಟ್ಟು ಬಂದೆ. ಸಭೆಗೆ ಮಾತ್ರ ಹೋಗಲಿಲ್ಲ. ಸಂತಾಪ ಸಭೆಯಲ್ಲಿ ಮನುಷ್ಯನ ಅರ್ಧವನ್ನಷ್ಟೇ ಹೇಳಬೇಕಾಗುತ್ತದೆ. ಅರ್ಧ ಕೆಲಸ ನನಗೆ ಬರುವುದಿಲ್ಲ. ಹಾಗಾಗಿ ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ದಾವಣಗೆರೆಯ ಆ ಬಜಾರು ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ಅಪ್ಪನ ಕಾಲದಿಂದ ನಡೆದು ಬಂದ ಸೀರೆ ಅಂಗಡಿ ಅವರದು. ಆದರೂ ಸಾವ್ಕಾರ್ರು ಅನ್ನಿಸಿಕೊಳ್ಳದೆ, ಬೀದಿಯ ವರ್ತಕರ ಸಂಘಕ್ಕೆ ಸೆಕ್ರೆಟ್ರಿಯಾದ ಮೇಲೆ ಎಲ್ಲರ ಬಾಯಲ್ಲೂ ಸೆಕ್ರೆಟ್ರಿಯೇ ಆಗಿಬಿಟ್ಟರು. ಕುಳ್ಳಗಿನ ಆಳು, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಮಾತಾಡುವಾಗ ಎದುರಿಗಿದ್ದದ್ದನ್ನು ಅಂಗೈಯಿಂದ ಸವರಿ ಸುಕ್ಕು ತೆಗೆಯುವ ಅಭ್ಯಾಸ. ಎದುರಿಗೆ ಸೀರೆಯೇ ಇರಬೇಕೆಂದಿಲ್ಲ. ನಮ್ಮ ಮನೆಗೆ ಬಂದರೆ ದಿಂಬಿನ ಚೀಲವನ್ನೂ, ಬೇಕರಿಗೆ ಹೋದರೆ ಅಲ್ಲಿನ ಹಳೇ ಪೇಪರನ್ನೂ ಸವರುತ್ತ ಕೂರುತ್ತಿದ್ದರು. ಪಾರ್ಸೆಲ್ಲನ್ನು ಹರಿದು ತೆಗೆದವರಲ್ಲ. ಗಂಟನ್ನು ಉಗುರಿನಿಂದ ಬಿಡಿಸಿ, ದಾರವನ್ನು ಉಂಡೆ ಸುತ್ತಿ, ಕಾಗದವನ್ನು ಮಡಚಿಟ್ಟ ಮೇಲೆಯೇ ಒಳಗೇನು ಬಂದಿದೆ ಎಂದು ನೋಡುತ್ತಿದ್ದರು. ಚಹಾಕ್ಕೆ ಕರೆದರೆ ಅಂಗಿಯ ಜೇಬಿನಿಂದ ಸ್ವಂತದ ಸ್ಟೀಲ್ ಲೋಟ ಹೊರಬರುತ್ತಿತ್ತು.

ನಾನು ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿ ನಿವೃತ್ತಳಾದವಳು. ದೇವರಾಜ ಅರಸು ಬಡಾವಣೆಯಲ್ಲಿ ಮನೆ. ಬೆಳಗಿನ ನಡಿಗೆಗೆ ಆ ಬೀದಿಯ ಮೇಲೇ ಹೋಗುತ್ತಿದ್ದೆ. ಅಂಗಡಿಗಳು ತೆರೆಯುವ ಮುಂಚಿನ ಹೊತ್ತು. ಮೂಲೆಯಲ್ಲಿ ಹಿಂದಿನ ದಿನದ ಕಸದ ಗುಡ್ಡೆ, ಅದರೊಳಗೆ ಮೂತಿ ಹಾಕಿದ ದನಗಳು. ಒಂದು ದಿನ ಆ ಗುಡ್ಡೆಯ ಎದುರು ಬಿಳಿ ಅಂಗಿಯ ಮನುಷ್ಯರೊಬ್ಬರು ಕುಕ್ಕರುಗಾಲಲ್ಲಿ ಕೂತು ಕವರುಗಳನ್ನು ಒಂದು ಕಡೆ, ರಟ್ಟನ್ನು ಒಂದು ಕಡೆ ಎಳೆದು ಹಾಕುತ್ತಿದ್ದರು.

"ಬರಿಗೈ ಹಾಕಬ್ಯಾಡ್ರಿ. ಪಿನ್ನು ಚುಚ್ಚಿದ್ರೆ ಇಂಜೆಕ್ಷನ್ ತಗಳ್ಳಬೇಕಾಗ್ತೈತೆ" ಅಂದೆ.

ಅವರು ತಲೆ ಎತ್ತಿ ನೋಡಿದರು. "ನೀವು ನರ್ಸಮ್ಮನಾ?"

"ಇದ್ದೆ."

"ಆಸ್ಪತ್ರ್ಯಾಗ ಬಣ್ಣಬಣ್ಣದ ಡಬ್ಬಿ ಇಡ್ತಾರಲ್ಲ, ಹಳದಿ, ಕೆಂಪು, ನೀಲಿ. ಅದನ್ನ ಜನ ತಪ್ಪದಂಗೆ ಹೆಂಗೆ ಕಲಿಸ್ತೀರಿ?"

"ತಪ್ಪಿದಾಗೆಲ್ಲ ಬೈತೀವಿ."

ನಕ್ಕರು. ಮರುದಿನ ನಾನು ಹಳೆಯ ಗ್ಲೌಸುಗಳ ಪೊಟ್ಟಣ ತೆಗೆದುಕೊಂಡು ಹೋದೆ. ಹಾಗೆ ಶುರುವಾಯಿತು.

ಕಸದ ಬಗ್ಗೆ ಅವರಷ್ಟು ಸರಿಯಾಗಿ ಯೋಚಿಸಿದವರನ್ನು ನಾನು ಕಂಡಿಲ್ಲ. ಇದನ್ನು ಈಗಲೂ ಹೇಳುತ್ತೇನೆ, ಅದು ಅವರಿಗೆ ಸಲ್ಲಬೇಕಾದದ್ದು. ಉಳಿದವರೆಲ್ಲ ಕಸವನ್ನು ಅಂಗಡಿಯ ಹೊಸಿಲಾಚೆ ನೋಡುತ್ತಿದ್ದರು. ಅವರು ಮಾಲು ಇಳಿಯುವ ಜಾಗದಲ್ಲಿ ನೋಡುತ್ತಿದ್ದರು. "ನಾವು ಮಾರೋವಾಗ ಕಸ ಆಗಲ್ಲ ಸಿಸ್ಟರ್. ಕೊಳ್ಳೋವಾಗ್ಲೇ ಕೊಂಡ್ಕಂಬರ್ತೀವಿ" ಎಂಬುದು ಅವರ ಮಾತು. ಸೀರೆ ಕಂಪನಿಯ ಏಜೆಂಟ್ ಬಂದಿದ್ದಾಗ ನಾನು ಅಲ್ಲೇ ಇದ್ದೆ.

"ಏನ್ರಿ ಇದು, ಒಂದೊಂದು ಸೀರೆಗೂ ಒಂದೊಂದು ಕವರು, ಒಳಗೊಂದು ರಟ್ಟು, ರಟ್ಟಿಗೊಂದು ಪಿನ್ನು. ಸೀರೆಗೇನು ನೆಗಡಿ ಆಗೈತಾ ಇಷ್ಟು ಹೊದಿಸಾಕೆ?"

"ಹಂಗೇ ಬರೋದು ಸೆಕ್ರೆಟ್ರಿ. ಇಲ್ಲಾಂದ್ರೆ ಧೂಳು ಹಿಡಿತೈತೆ" ಅಂದ ಏಜೆಂಟ್.

"ಒಂದು ಕಟ್ಟಿಗೆ ಒಂದು ಕವರು ಹಾಕಿ ಕಳಿಸ್ರಿ. ಧೂಳು ಹಿಡಿದ್ರೆ ನಾನು ಕೊಡವಿಕಂತೀನಿ. ರಟ್ಟು ಇವು, ತಗಂಡು ಹೋಗ್ರಿ, ಮುಂದಿನ ಮಾಲಿಗೆ ಇವನ್ನೇ ಇಟ್ಟು ಕಳಿಸ್ರಿ."

ಏಜೆಂಟ್ ನಗುತ್ತಲೇ ರಟ್ಟಿನ ಕಟ್ಟನ್ನು ಹೊತ್ತುಕೊಂಡು ಹೋದ. ಆಮೇಲೆ ಮಾಲು ಹಾಗೆಯೇ ಬರತೊಡಗಿತು.

ಬೀದಿಯ ಕೊನೆಗೆ ಶಾರದಮ್ಮನವರ ರೊಟ್ಟಿ ಖಾನಾವಳಿ. ಅಲ್ಲಿ ಅವರು ಹೇಳಿದ್ದು ಒಂದೇ: ಮೊದಲು ಅರ್ಧ ಬಡಿಸಿ.

"ಅರ್ಧ ಬಡಿಸಿದ್ರೆ ಜಿಪುಣಿ ಅಂತಾರ್ರಿ" ಅಂದರು ಶಾರದಮ್ಮ.

"ಕೇಳಿದಷ್ಟು ಸಲ ಬಡಿಸ್ರಿ. ಕೇಳೋ ಮುಂಚೆ ಬಡಿಸಬ್ಯಾಡ್ರಿ."

ತಟ್ಟೆಯಲ್ಲಿ ಉಳಿಯುವುದು ಕಡಿಮೆಯಾಯಿತು. ಉಳಿದದ್ದನ್ನು ಎಮ್ಮೆಗೆಂದು ಒಯ್ಯಲು ಪಕ್ಕದ ಹಳ್ಳಿ ಹದಡಿಯಿಂದ ಒಬ್ಬ ಬರುತ್ತಿದ್ದ. ಕೆಲವು ತಿಂಗಳಾದ ಮೇಲೆ ಅವನು ಬಕೆಟ್ ಎತ್ತಿ ನೋಡಿ, "ಏನವ್ವ, ನಿನ್ನ ಗಿರಾಕಿಗಳು ಎಲ್ಲಾ ತಿಂದೇಬಿಡ್ತಾರಲ್ಲ, ನನ್ನ ಎಮ್ಮಿಗೂ ಒಂಚೂರು ಬಿಡಾಕೆ ಹೇಳು" ಅಂದನಂತೆ. ಶಾರದಮ್ಮ ಇದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು.

ಮುನೀರ್ ಸಾಹೇಬರ ಬೇಕರಿಯಲ್ಲಿ ಮೊಟ್ಟೆಯ ಟ್ರೇ, ಎಣ್ಣೆ ಡಬ್ಬಿ ಎಲ್ಲ ಬಂದಲ್ಲಿಗೇ ವಾಪಸ್ ಹೋಗತೊಡಗಿದವು. ಮನೆಯಿಂದ ಡಬ್ಬಿ ತಂದವರಿಗೆ ಒಂದು ಖಾರಾ ಬಿಸ್ಕತ್ತು ಪುಕ್ಕಟೆ ಎಂದು ಸೆಕ್ರೆಟ್ರಿಯವರೇ ಬೋರ್ಡು ಬರೆಸಿದರು. ಮುನೀರ್ ನನ್ನ ಹತ್ತಿರ ಗೋಳು ತೋಡಿಕೊಂಡರು: "ಸಿಸ್ಟರ್, ಒಂದು ಕೇಕಿಗೆ ಮೂರು ಡಬ್ಬಿ ತರ್ತಾವೆ ಹುಡುಗ್ರು. ಮೂರು ಬಿಸ್ಕತ್ತು ಬೇಕಂತೆ."

ದಂಡವೂ ಇತ್ತು. ಯಾರ ಅಂಗಡಿಯ ಕಸ ಕಲಬೆರಕೆಯಾಗಿ ಸಿಕ್ಕಿಬೀಳುತ್ತದೋ ಅವರು ಸಂಜೆ ಬೀದಿಗೆಲ್ಲ ಮಂಡಕ್ಕಿ ಮಿರ್ಚಿ ತಿನ್ನಿಸಬೇಕು. ಮಂಡಕ್ಕಿ ಮಿರ್ಚಿ ಇಲ್ಲದೆ ಈ ಊರಲ್ಲಿ ಜಗಳವೂ ನಡೆಯುವುದಿಲ್ಲ, ರಾಜಿಯೂ ಆಗುವುದಿಲ್ಲ. ಸಂಜೆ ಎಲ್ಲರೂ ಅಂಗಡಿ ಕಟ್ಟೆಯ ಮೇಲೆ ಕೂತು, ತಪ್ಪಿತಸ್ಥನನ್ನು ಕಿಚಾಯಿಸುತ್ತ ತಿನ್ನುತ್ತಿದ್ದೆವು. ಯಾರೂ ಕಲಬೆರಕೆ ಮಾಡದ ವಾರದಲ್ಲಿ ಬೇಸರವಾಗಿ, ಮುನೀರ್ ಬೇಕೆಂದೇ ರಟ್ಟಿನೊಳಗೆ ಒಂದು ಕವರು ತುರುಕಿಟ್ಟು ತಾವೇ ಸಿಕ್ಕಿಬಿದ್ದದ್ದೂ ಉಂಟು.

ಶುರುವಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವರು ಶಾರದಮ್ಮ. ತಟ್ಟೆಯ ವಿಷಯ ಒಪ್ಪಿದರು, ಕವರು ಬೇರೆ ಮಾಡುವುದನ್ನು ಒಪ್ಪಲಿಲ್ಲ. "ನಾವು ಇಲ್ಲಿ ಬ್ಯಾರೆ ಬ್ಯಾರೆ ಮಾಡಿ ಕೊಡ್ತೀವಿ, ಅಲ್ಲಿ ಎಲ್ಲಾ ಒಂದೇ ಗುಂಡ್ಯಾಗ ಸುರೀತಾರೆ. ನಾ ನೋಡಿಲ್ಲೇನು?" ಅಂದರು. ಸೆಕ್ರೆಟ್ರಿಯವರು ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಶಾರದಮ್ಮ ನನ್ನ ಕಡೆ ತಿರುಗಿ, "ನೀವು ಹೇಳ್ರಿ ಸಿಸ್ಟರ್. ಸುರಿಯಲ್ವಾ?" ಎಂದರು.

ಶಾರದಮ್ಮನ ತಾಯಿಯ ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡವಳು ನಾನು. ಆ ಹೆಂಗಸಿಗೆ ನನ್ನ ಮಾತೆಂದರೆ ಏನು ಎಂದು ನನಗೆ ಗೊತ್ತಿತ್ತು. "ಸುರಿಯಲ್ಲ. ಹರಿಹರದಾಗ ಪ್ಲಾಸ್ಟಿಕ್ ಕರಗಿಸಿ ಕಾಳು ಮಾಡೋ ಘಟಕ ಐತೆ, ಅಲ್ಲಿಗೆ ಹೋಗ್ತೈತೆ. ನನ್ನ ಮಾತು" ಅಂದೆ. ಅದನ್ನು ಸೆಕ್ರೆಟ್ರಿಯವರು ನನಗೆ ಹೇಳಿದ್ದರು. ಅವರು ಹೇಳಿದ್ದನ್ನು ನಾನು ನನ್ನದು ಮಾಡಿಕೊಂಡು ಕೊಟ್ಟೆ. ಶಾರದಮ್ಮ ಒಪ್ಪಿದ ಮೇಲೆ ಉಳಿದ ಇಡೀ ಬೀದಿ ಒಪ್ಪಿತು. ಪ್ರತಿ ಅಂಗಡಿಯ ಬಾಗಿಲಲ್ಲೂ ನಾನು ನಿಂತು ಅದೇ ಮಾತು ಹೇಳಿದೆ.

ಆಮೇಲೆ ನನ್ನ ಕೆಲಸ ನಾನು ಮಾಡಿದೆ. ಕಟ್ಟುವ ಕ್ರಮ ನನ್ನದು. ಸೀರೆ ಅಂಗಡಿಯಲ್ಲಿ ಉಳಿಯುವ ಅಂಚಿನ ಪಟ್ಟಿಗಳೇ ಹಗ್ಗ. ರಟ್ಟು ಕಾಗದಕ್ಕೆ ಬಿಳಿ ಪಟ್ಟಿ, ಕವರಿಗೆ ನೀಲಿ. ಗಂಟು ನಮ್ಮ ಬ್ಯಾಂಡೇಜಿನ ಚಪ್ಪಟೆ ಗಂಟು. ಬಲದ ಎಳೆ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಜಾರುವುದಿಲ್ಲ, ಚುಚ್ಚುವುದಿಲ್ಲ, ಬಿಚ್ಚಬೇಕೆಂದಾಗ ಬಿಚ್ಚುತ್ತದೆ. ಇಡೀ ಬೀದಿಯ ಗಂಡಸರು ಗಿರಾಕಿಗಳ ಎದುರೇ ಆ ಗಂಟನ್ನು ಅಭ್ಯಾಸ ಮಾಡಿದರು. ಅಡ್ಡಾದಿಡ್ಡಿ ಗಂಟು ಕಂಡರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದೆ. ಮೂಟೆಗಳೆಲ್ಲ ಒಂದೇ ಸಮನೆ ನಿಂತ ಮೇಲೆ ತಿಪ್ಪೇಶಿಯ ಟೆಂಪೋ ಬರುತ್ತಿತ್ತು. ತಿಪ್ಪೇಶಿ ಹರಿಹರದ ಕಡೆಯ ಕಡರನಾಯಕನಹಳ್ಳಿಯವನು. ಹೇಗಿದ್ದರೂ ತನ್ನೂರಿಗೆ ಹೋಗುವ ದಾರಿ ಎಂದು ಒಪ್ಪಿದ್ದ. ಗಾಡಿ ಬೀದಿಯ ತಿರುವು ದಾಟುವವರೆಗೆ ನಾನೂ ಸೆಕ್ರೆಟ್ರಿಯವರೂ ನಿಂತು ನೋಡುತ್ತಿದ್ದೆವು. ಬೇರೆ ಊರುಗಳಿಂದ ವರ್ತಕರು ನೋಡಲು ಬಂದರು. ಕಾಲೇಜಿನ ಮಕ್ಕಳು ಬಂದರು. ಸೆಕ್ರೆಟ್ರಿಯವರು ಅವರಿಗೆಲ್ಲ ನನ್ನ ಗಂಟನ್ನೇ ಮೊದಲು ತೋರಿಸುತ್ತಿದ್ದರು.

ಮುನೀರರ ತಂಗಿ ಶಮೀಮ್‌ಳನ್ನು ಊರಂಚಿನ, ಮಂಡಕ್ಕಿ ಹುರಿಯುವ ಭಟ್ಟಿಗಳ ಕೇರಿಗೆ ಕೊಟ್ಟಿದ್ದರು. ಗಂಡನ ಮನೆಯದೇ ಭಟ್ಟಿ. ಒಮ್ಮೆ ಅವಳ ಮುಂಗೈ ಸುಟ್ಟಿತು. ಅಂಗೈಯಗಲ ಗಾಯ. "ಆಸ್ಪತ್ರೆಗೆ ಹೋಗಲ್ಲ ಅಂತ ಹಟ ಹಿಡಿದಾಳೆ ಸಿಸ್ಟರ್. ನೀವಾದ್ರೂ ನೋಡ್ರಿ" ಅಂದರು ಮುನೀರ್. ದಿನ ಬಿಟ್ಟು ದಿನ ಹೋಗಿ ಡ್ರೆಸ್ಸಿಂಗ್ ಮಾಡಿ ಬರುತ್ತಿದ್ದೆ. ಮನೆಯ ಮುಂಭಾಗದಲ್ಲಿ. ಭಟ್ಟಿ ಹಿಂದೆ ಇತ್ತು, ಅಲ್ಲಿಗೆ ಹೋಗುವ ಪ್ರಮೇಯ ಬಂದಿರಲಿಲ್ಲ. ಒಂದು ದಿನ ಶಮೀಮ್ ಕೆಲಸದಲ್ಲಿದ್ದಳು, ನನ್ನನ್ನು ಹಿಂದಕ್ಕೇ ಕರೆದಳು.

ಒಂದು ಬದಿಗೆ ಆಗ ತಾನೇ ಹುರಿದ ಮಂಡಕ್ಕಿಯ ರಾಶಿ, ಮಲ್ಲಿಗೆಯ ಹಾಗೆ ಬೆಳ್ಳಗೆ. ಇನ್ನೊಂದು ಬದಿಗೆ ಗೋಡೆಗೆ ಆನಿಸಿ ಮೂಟೆಗಳು. ನೀಲಿ ಪಟ್ಟಿ. ಚಪ್ಪಟೆ ಗಂಟು. ಒಂದನ್ನೂ ಬಿಚ್ಚಿರಲಿಲ್ಲ. ನಾನು ನೋಡುತ್ತಿದ್ದಂತೆ ಆಳೊಬ್ಬ ಒಂದು ಮೂಟೆಯನ್ನು ಎತ್ತಿ, ಗಂಟು ಸಮೇತ ಒಲೆಯ ಬಾಯಿಗೆ ದೂಡಿದ. ಕಪ್ಪು ಹೊಗೆ ಬುಸ್ಸೆಂದು ಎದ್ದು ಚಿಮಣಿ ಸೇರಿತು.

"ಇವು ಎಲ್ಲಿಂದ ಬಂದವು ಶಮೀಮ್?"

"ನಿಮ್ಮ ಬಜಾರಿಂದಾನೇ ಸಿಸ್ಟರ್. ವರ್ಷದ ಮೇಲಾತು. ಒಲೆಗೆ ಹಾಕೋ ಹೊಟ್ಟು ಭಾಳ ತುಟ್ಟಿ ಆಗೈತಲ್ಲ, ಪುಕ್ಕಟೆ ಬಂದ್ರೆ ಯಾರು ಬ್ಯಾಡ ಅಂತಾರೆ?"

"ಯಾರು ಕಳಿಸ್ತಾರೆ?"

"ನಿಮ್ಮ ಸೆಕ್ರೆಟ್ರಿ ಸಾಬ್. ಭಾಳ ಒಳ್ಳೇವ್ರು ಅವ್ರು."

ನಾನು ಅವಳ ಕೈಯ ಹಳೆ ಪಟ್ಟಿ ಬಿಚ್ಚಿ, ಗಾಯ ತೊಳೆದು, ಮುಲಾಮು ಹಚ್ಚಿ ಹೊಸ ಪಟ್ಟಿ ಸುತ್ತಿದೆ. ಗಂಟು ಹಾಕುವಾಗ ಮಾತ್ರ ಕೈ ನಿಂತಿತು. ಹಾಕಿದೆ. ಹೊಗೆ ಬರುವ ಕಡೆ ಕೂರಬೇಡ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ನನಗೆ ನೆನಪಾದದ್ದು ಸಂಜೆಯ ಅಂಗಡಿ ಕಟ್ಟೆ. ಕಲಬೆರಕೆ ಮಾಡಿದವರಿಗೆ ದಂಡ ಹಾಕಿ ನಾವು ನಗುನಗುತ್ತ ತಿಂದ ಮಂಡಕ್ಕಿ.

ಸೀದಾ ಸೀರೆ ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ. ಅವರು ಗಾಜಿನ ಮೇಜಿನ ಮೇಲೆ ಒಂದು ಸೀರೆ ಮಡಚುತ್ತಿದ್ದರು.

"ಬರ್ರಿ ಸಿಸ್ಟರ್, ಕೂಡ್ರಿ."

ಕೂರಲಿಲ್ಲ. "ನೀಲಿ ಪಟ್ಟಿ ಮೂಟೆ ಹರಿಹರಕ್ಕೆ ಹೋಗ್ತಾವೆ ಅಂದಿದ್ರಿ."

ಅವರ ಅಂಗೈ ಸೀರೆಯ ಮೇಲೆ ಒಮ್ಮೆ ನಿಂತು ಮತ್ತೆ ಸವರತೊಡಗಿತು. "ಹೋಗ್ತಿದ್ವು."

"ಈಗ?"

"ಈಗ ಅವ್ರು ತಗಳ್ಳಲ್ಲ."

"ಬೀದಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರೆ ಬಿಟ್‌ಬಿಡ್ತಿದ್ರು ಸಿಸ್ಟರ್. ಎಷ್ಟು ಒದ್ದಾಡಿ ಕಲಿಸಿದ ಚಾಳಿ ಇದು. ಒಂದ್ಸಲ ಕೈ ಬಿಟ್ರೆ ಮತ್ತೆ ಹಿಡಿಯಲ್ಲ. ಇವತ್ತಲ್ಲ ನಾಳೆ ಇನ್ನೊಬ್ರು ತಗಳ್ಳೋರು ಸಿಗ್ತಾರೆ. ಅಲ್ಲೀತನಕ ಬೀದಿ ಕೈಯಾಗಿನ ಅಭ್ಯಾಸ ಹೋಗಬಾರ್ದು ಅಂತ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ಲ" ಅಂದರು. ಆಮೇಲೆ ಮೆತ್ತಗೆ, "ನೀವು ಕೇಳೋರಲ್ಲ ಅಂತಾನೇ ನಿಮ್ಮನ್ನ ಜೊತೆಗೆ ಹಾಕ್ಕಂಡಿದ್ದು ಸಿಸ್ಟರ್. ಒಪ್ಪಿದ ಕೆಲ್ಸ, ಒಪ್ಪಿದ ಹೊತ್ತಿಗೆ, ಒಪ್ಪವಾಗಿ. ಬ್ಯಾರೆ ಯಾರಾದ್ರೂ ಆಗಿದ್ರೆ ನೂರು ಪ್ರಶ್ನೆ" ಅಂದರು.

ಅದನ್ನವರು ಹೊಗಳಿಕೆಯಾಗಿಯೇ ಹೇಳಿದರು. ನನಗೆ ಗೊತ್ತು, ಅವರ ಕಣ್ಣಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಸಹಿಸಬಹುದಿತ್ತು.

"ನಾನು ಶಾರದಮ್ಮಗೆ ಮಾತು ಕೊಟ್ಟೀನಿ" ಅಂದೆ. "ಮುಂದಿನ ಸಭೇಲಿ ನೀವೇ ಎದ್ದು ಹೇಳ್ರಿ. ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೇಳ್ತೀನಿ ಸಿಸ್ಟರ್. ಹೇಳ್ತೀನಿ ಅಂದೆನಲ್ಲ."

ಸಭೆ ದಿನ ಇಡೀ ಬೀದಿ ಸೇರಿತ್ತು. ಬೇರೆ ಊರಿನ ವರ್ತಕರನ್ನೂ ಕರೆಸಿದ್ದರು, ಅದು ನನಗೆ ಗೊತ್ತಿರಲಿಲ್ಲ. ಸೆಕ್ರೆಟ್ರಿಯವರು ಎದ್ದು ಮಾತಾಡಿದರು. ಬೀದಿ ಮೊದಲು ಹೇಗಿತ್ತು, ಈಗ ಹೇಗಿದೆ. ದನಗಳು, ವಾಸನೆ, ರಟ್ಟು, ರೊಟ್ಟಿ. ನಾನು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆ. "ಈ ಕೆಲ್ಸಕ್ಕೆ ಬೆನ್ನೆಲುಬಾಗಿ ನಿಂತೋರು ನಮ್ಮ ಸಿಸ್ಟರು. ಅವರಿಗೂ ವಯಸ್ಸಾತು. ಇನ್ನು ಅವರಿಗೆ ತ್ರಾಸು ಕೊಡೋದು ಸರಿ ಅಲ್ಲ. ಇವತ್ತಿಂದ ಅವ್ರು ವಿಶ್ರಾಂತಿ ತಗಳ್ಳಲಿ ಅಂತ ಸಂಘ ತೀರ್ಮಾನ ಮಾಡೈತೆ."

ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ನನ್ನ ಹೆಗಲ ಮೇಲೆ ಶಾಲು ಬಿದ್ದಿತ್ತು. ಕೈಗೆ ಹಣ್ಣಿನ ಬುಟ್ಟಿ ಬಂದಿತ್ತು. ಚಪ್ಪಾಳೆ. ಶಾಲಿನ ಸುಕ್ಕನ್ನು ಅವರು ಅಂಗೈಯಿಂದ ಸವರಿ ಸರಿಮಾಡಿದರು. ಶಾಲು ಹೊದ್ದ ಮುದುಕಿ ಹೊದಿಸಿದವರ ಬಗ್ಗೆ ಏನು ಕೆಟ್ಟದ್ದು ಹೇಳಿಯಾಳು? ಅದೇ ಅವರ ಲೆಕ್ಕ. ಎಷ್ಟೋ ಜನ ಡಾಕ್ಟರುಗಳ ಕೈಕೆಳಗೆ ಕೆಲಸ ಮಾಡಿದ್ದೇನೆ, ಬೈಸಿಕೊಂಡಿದ್ದೇನೆ. ಇಷ್ಟು ಮರ್ಯಾದೆಯಿಂದ ನನ್ನ ಬಾಯಿಗೆ ಬಟ್ಟೆ ಕಟ್ಟಿದವರು ಇವರೊಬ್ಬರೇ.

ಬುಟ್ಟಿಯನ್ನು ಮೇಜಿನ ಮೇಲಿಟ್ಟೆ. ಶಾಲು ಮಡಚಿ ಅದರ ಪಕ್ಕದಲ್ಲಿಟ್ಟೆ. ಮೈಕು ತೆಗೆದುಕೊಂಡೆ. "ನೀಲಿ ಪಟ್ಟಿಯ ಮೂಟೆಗಳು ಹರಿಹರಕ್ಕೆ ಹೋಗುತ್ತಿಲ್ಲ. ವರ್ಷದಿಂದ ಮಂಡಕ್ಕಿ ಭಟ್ಟಿಯಲ್ಲಿ ಸುಡುತ್ತಿವೆ. ನಾನು ಕಣ್ಣಾರೆ ಕಂಡೆ. ಸೆಕ್ರೆಟ್ರಿಯವರಿಗೆ ಇದು ಗೊತ್ತು. ನಿಮ್ಮ ನಿಮ್ಮ ಅಂಗಡಿಯ ಬಾಗಿಲಲ್ಲಿ ನಾನು ಕೊಟ್ಟ ಮಾತು ಸುಳ್ಳಾಗಿದೆ" ಅಂದೆ.

ಹಿಂದಿನಿಂದ ಯಾರೋ, "ಅಂದ್ರೆ ದಂಡ ಹಾಕಿ ನಾವು ತಿಂದದ್ದು ನಮ್ಮ ಕವರು ಸುಟ್ಟು ಹುರಿದ ಮಂಡಕ್ಕಿನಾ?" ಅಂದರು. ಯಾರೂ ನಗಲಿಲ್ಲ.

ಸೆಕ್ರೆಟ್ರಿಯವರು ಮೈಕಿಲ್ಲದೆಯೇ, "ಸಿಸ್ಟರಿಗೆ ಏನೋ ತಪ್ಪು ತಿಳುವಳಿಕೆ ಆಗೈತೆ. ವಯಸ್ಸು ನೋಡ್ರಿ, ಒಂದು ನೋಡಿ ಒಂದು ಅನ್ನಿಸ್ತೈತೆ" ಎಂದರು.

ನನ್ನ ಮುಖ ನೋಡಿ ಹೇಳಲಿಲ್ಲ. ಅತಿಥಿಗಳ ಮುಖ ನೋಡಿ ಹೇಳಿದರು. ಮುನೀರ್ ಸಾಹೇಬರು ಕುರ್ಚಿಯಿಂದ ಎದ್ದರು. "ನನ್ನ ತಂಗಿ ಅಲ್ಲೇ ಇರೋದು ಸೆಕ್ರೆಟ್ರಿ. ಈಗ್ಲೇ ಫೋನ್ ಹಚ್ಚಲಾ?"

ಸೆಕ್ರೆಟ್ರಿಯವರು ಕೂತುಬಿಟ್ಟರು.

ಮರುದಿನ ಬೆಳಿಗ್ಗೆ ಎಂದಿನಂತೆ ಹೋದೆ. ಬೀದಿಯ ಮೂಲೆಯಲ್ಲಿ ಹಳೆಯ ಗುಡ್ಡೆ ಮತ್ತೆ ಹುಟ್ಟಿತ್ತು. ಕವರು, ರಟ್ಟು, ಅನ್ನ, ಮೊಟ್ಟೆಯ ಓಡು, ಎಲ್ಲ ಒಟ್ಟಿಗೆ. ಒಂದು ದನವೂ ಬಂದಿತ್ತು. ಶಾರದಮ್ಮ ಖಾನಾವಳಿಯ ಮುಂದೆ ನೀರು ಚಿಮುಕಿಸುತ್ತಿದ್ದರು. ನಾನು ನಿಂತೆ. ಅವರು ಚೊಂಬು ಕೆಳಗಿಟ್ಟು, "ಆ ಮನುಷ್ಯನ್ನ ನಾನು ಮೊದ್ಲಿಂದ್ಲೂ ನಂಬಿರ್ಲಿಲ್ಲ ಬಿಡ್ರಿ. ನಿಮ್ಮನ್ನ ನಂಬಿದ್ದೆ" ಅಂದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಉತ್ತರ ಕೊಡುತ್ತಿದ್ದೆ.

ಆ ಮಾತನ್ನು ಹೊತ್ತುಕೊಂಡು ಮನೆಯಲ್ಲಿ ಕೂರುವುದು ನನ್ನಿಂದಾಗಲಿಲ್ಲ. ತಿಪ್ಪೇಶಿಗೆ ಹೇಳಿಕಳಿಸಿ, ಅವನ ಟೆಂಪೋದಲ್ಲಿ ಕೂತು ಹರಿಹರಕ್ಕೆ ಹೋದೆ. ದಾರಿಯಲ್ಲಿ ಅವನು, "ಸೆಕ್ರೆಟ್ರಿ ಹೇಳಿದಲ್ಲಿ ಇಳಿಸ್ತಿದ್ದೆ ಸಿಸ್ಟರ್, ನಿಮಗ ಗೊತ್ತೈತೆ ಅಂತಾನೇ ತಿಳ್ಕಂಡಿದ್ದೆ" ಎಂದಷ್ಟೇ ಅಂದ. ಪ್ಲಾಸ್ಟಿಕ್ ಘಟಕ ಒಂದು ತಗಡಿನ ಶೆಡ್ಡು. ಯಜಮಾನ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ. ಬಜಾರಿನ ಮಾಲು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

"ನಿಲ್ಲಿಸಿದ್ದು ಎಲ್ರಿ ಅಮ್ಮ? ಖಾನಾವಳಿ ಕವರಿನಾಗ ಸಾರು, ಬೇಕರಿ ಕವರಿನಾಗ ಡಾಲ್ಡಾ. ಆ ಜಿಡ್ಡಿಗೆ ಮಷಿನ್ ಕಟ್ಕಂಡು ಕೆಡ್ತಿತ್ತು. ತೊಳೆದು ಒಣಗಿಸಿ ತರ್ರಿ, ಎಷ್ಟಿದ್ರೂ ತಗಂತೀನಿ ಅಂತ ನಿಮ್ಮ ಸೆಕ್ರೆಟ್ರಿಗೆ ಹೇಳಿದ್ದೆ. ಆಮೇಲೆ ಅವ್ರು ಈ ಕಡೆ ಬರ್ಲೇ ಇಲ್ಲ."

ತೊಳೆದು ಒಣಗಿಸಬೇಕು. ಅಷ್ಟೇ ಆಗಿತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಿರಿಂಜುಗಳನ್ನು ಕುದಿಸುತ್ತಿದ್ದೆವು. ಹಬೆಯಲ್ಲಿ ಕೈ ಬೇಯಿಸಿಕೊಂಡು ಕುದಿಸಿ, ಒರೆಸಿ, ಮತ್ತೆ ಕುದಿಸುತ್ತಿದ್ದೆವು. ಶಾರದಮ್ಮ ದಿನಕ್ಕೆ ರಾಶಿ ರಾಶಿ ತಟ್ಟೆ ತೊಳೆಸುವವರು. ಮುನೀರ್ ಬೇಕರಿಯ ಟ್ರೇಗಳು ಕನ್ನಡಿಯಂತಿರುತ್ತವೆ. ಇಂಥ ನಮ್ಮನ್ನು, ಒಂದು ಕವರು ತೊಳೆಯಿರಿ ಎಂದು ಕೇಳಿದರೆ ಬಿಟ್ಟು ಓಡಿಹೋಗುವ ಜನ ಎಂದು ಅವರು ತೀರ್ಮಾನಿಸಿದ್ದರು. ಸುಟ್ಟದ್ದು ತಪ್ಪು, ಸುಳ್ಳು ಹೇಳಿದ್ದು ತಪ್ಪು. ನನಗೆ ಇವತ್ತಿಗೂ ಜೀರ್ಣವಾಗದ್ದು ಮಾತ್ರ ಇದು. ಅವರು ಪ್ಲಾಸ್ಟಿಕ್ಕನ್ನು ಅಷ್ಟು ನಂಬಿದರು, ಸರಿಯಾಗಿ ಬೇರೆ ಮಾಡಿ ಕರಗಿಸಿದರೆ ಅದಕ್ಕೂ ಮತ್ತೊಂದು ಜನ್ಮ ಬರುತ್ತದೆ ಅನ್ನುತ್ತಿದ್ದರು. ನಮ್ಮನ್ನು ನಂಬಲಿಲ್ಲ.

ಬಂದು ಶಾರದಮ್ಮನಿಗೆ ಹೇಳಿದೆ. "ತೊಳಿಯೋದೇನು ದೊಡ್ಡ ಮಾತು?" ಅಂದರು. "ಆದ್ರ ಈ ಸಲ ಯಾರ ಮಾತೂ ಬ್ಯಾಡ. ಎಲ್ಲಿಗೆ ಹೋಗ್ತೈತೆ ಅಂತ ನಾನೇ ನೋಡ್ತೀನಿ."

ತೊಳೆದ ಕವರುಗಳನ್ನು ಖಾನಾವಳಿಯ ಹಿತ್ತಲಲ್ಲಿ ಬಟ್ಟೆಯ ಹಾಗೆ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿದರು. ಗಾಡಿಯಲ್ಲಿ ತಾವೇ ಕೂತು ಬಂದರು. ಘಟಕದಲ್ಲಿ ತಮ್ಮ ಮೂಟೆಯನ್ನು ತಾವೇ ಬಿಚ್ಚಿ ಯಂತ್ರಕ್ಕೆ ಹಾಕಿಸಿ, ಆ ತುದಿಯಲ್ಲಿ ಕಪ್ಪು ಸಾಬೂದಾನಿಯಂಥ ಕಾಳು ಉದುರುವವರೆಗೂ ಅಲ್ಲಾಡಲಿಲ್ಲ. ಒಂದು ಹಿಡಿ ಕಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಗಲ್ಲಾದ ಮೇಲೆ ಬಟ್ಟಲಲ್ಲಿಟ್ಟರು. ಊಟಕ್ಕೆ ಬಂದವರೆಲ್ಲ ಸೋಂಪಿನ ಬಟ್ಟಲೆಂದು ಕೈ ಹಾಕಿ ಬೈಸಿಕೊಂಡರು. ಆಗಿನಿಂದ ನಮ್ಮ ಬೀದಿಯ ನಿಯಮ ಅದೇ. ಪ್ರತಿ ಸಲ ಗಾಡಿಯಲ್ಲಿ ಒಂದು ಅಂಗಡಿಯವರು ಕೂತು ಹೋಗಿ ಕಣ್ಣಾರೆ ನೋಡಿ ಬರಬೇಕು. ಸರದಿಯ ಪ್ರಕಾರ. ಹಸಿ ಇರುವ ಕವರು ಗಾಡಿ ಹತ್ತುವಂತಿಲ್ಲ. ಮೊದಲು ಮೂರು ನಾಲ್ಕು ಅಂಗಡಿ, ಆಮೇಲೆ ಬಹುಪಾಲು. ಕೆಲವರು ಇವತ್ತಿಗೂ ಬಂದಿಲ್ಲ. ಅವರನ್ನು ದೂರುವುದಿಲ್ಲ.

ಸೆಕ್ರೆಟ್ರಿಯವರು ಅಷ್ಟರಲ್ಲಿ ಆ ಹುದ್ದೆ ಬಿಟ್ಟಿದ್ದರು. ಹೆಸರು ಮಾತ್ರ ಉಳಿದಿತ್ತು. ಅವರ ಅಂಗಡಿಯ ಸರದಿ ಬಂದ ದಿನ ಯಾರಾದರೂ ಕೆಲಸದವರನ್ನು ಕಳಿಸಬಹುದು ಅಂದುಕೊಂಡಿದ್ದೆ. ಅವರೇ ಬಂದರು. ಇಳಿದುಹೋಗಿದ್ದರು. ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ಹೊಟ್ಟೆಯ ಕಾಯಿಲೆ ಎಂದು ಕೇಳಿದ್ದೆ, ಮುಖದ ಬಣ್ಣ ನೋಡಿದರೆ ಯಾವ ಕಾಯಿಲೆ ಎಂದು ನನಗೆ ಹೇಳಬೇಕಿರಲಿಲ್ಲ. ಟೆಂಪೋದ ಮುಂದಿನ ಸೀಟಿನಲ್ಲಿ ತಿಪ್ಪೇಶಿಯ ಪಕ್ಕ ಅವರು, ಬಾಗಿಲ ಕಡೆ ನಾನು.

ಘಟಕದಲ್ಲಿ ಮೂಟೆ ಬಿಚ್ಚಿದರು. ಅವರು ಶಾರದಮ್ಮನ ಖಾನಾವಳಿಯ ಒಂದು ಕವರನ್ನು ಎತ್ತಿಕೊಂಡು ಅಂಗೈ ಮೇಲೆ ಹರಡಿ ಸವರಿದರು. ಮೂಸಿ ನೋಡಿದರು.

"ಇಷ್ಟೇನಾ ಸಿಸ್ಟರ್?"

"ಇಷ್ಟೇ."

ಯಂತ್ರ ಓಡುತ್ತಿತ್ತು. ಕವರನ್ನು ಅದರೊಳಗೆ ಹಾಕಿ, "ನಾನು ಕೇಳಿದ್ರೂ ತೊಳೀತಿದ್ರಾ ಇವ್ರು?" ಅಂದರು.

"ಕೇಳಬೇಕಿತ್ತು."

ವಾಪಸ್ ಬಂದು ಅಂಗಡಿಯ ಮುಂದೆ ಇಳಿಯುವಾಗ ಗಾಡಿಯ ಬಾಗಿಲು ಹಿಡಿದು ನಿಂತರು. "ನನ್ನ ಮ್ಯಾಲೆ ಸಿಟ್ಟು ಇನ್ನೂ ಐತಾ?"

"ಐತೆ" ಅಂದೆ.

ತಲೆಯಾಡಿಸಿ, ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಒಳಗೆ ಹೋದರು. ಅವರನ್ನು ಜೀವಂತ ಕಂಡದ್ದು ಅದೇ ಕೊನೆ.

ಮುಂದಿನ ಸಲ ಗಾಡಿ ಬಂದಾಗ, ಅವರಿನ್ನೂ ಇದ್ದಾಗಲೇ, ಅವರ ಹೆಂಡತಿ ಎರಡೂ ಕೈಯಲ್ಲಿ ತಬ್ಬಿಕೊಂಡು ಒಂದು ಮೂಟೆ ತಂದರು. ಸೀರೆಯ ಕವರುಗಳು. ನೀರು ತೊಟ್ಟಿಕ್ಕಿ ಆಕೆಯ ಸೀರೆಯ ನೆರಿಗೆ ನೆನೆದಿತ್ತು.

"ಇವನ್ನ ಯಾಕ ತೊಳೆದ್ರಿ?" ಅಂದೆ. "ಸೀರೆ ಕವರಿಗೆ ಜಿಡ್ಡು ಎಲ್ಲಿಂದ ಬರ್ಬೇಕು?"

"ನಾನೂ ಹಂಗೇ ಅಂದೆ ಸಿಸ್ಟರ್. ಕೇಳಲಿಲ್ಲ. ಬಚ್ಚಲದಾಗ ಮಣೆ ಹಾಕ್ಕಂಡು ಕೂತು ಒಂದೊಂದೇ ಅವರೇ ತೊಳೆದ್ರು. ಕೂಡಾಕೆ ಆಗಲ್ಲ ಅವರಿಗೆ, ಆದ್ರೂ."

ತಿಪ್ಪೇಶಿ ನನ್ನ ಮುಖ ನೋಡಿದ. ಮುನೀರ್ ಬೇಕರಿಯ ಬಾಗಿಲಿನಿಂದ ನೋಡುತ್ತಿದ್ದರು. ನಾನು ಮೂಟೆಯ ಗಂಟು ನೋಡಿದೆ, ಸರಿಯಾಗಿತ್ತು. ಒಳಗೆ ಕೈ ಹಾಕಿ ನೋಡಿದೆ. ತಳದವರೆಗೂ ಹಸಿ.

"ಒಣಗಿಸಿ ಕಳಿಸ್ರಿ" ಎಂದು ಆಕೆಯ ಕೈಗೆ ವಾಪಸ್ ಕೊಟ್ಟೆ.